ಕೆಜಿ ಲೆಕ್ಕದಲ್ಲಿ ಹೋದ ಪೆಂಟಿಯಂ

ಹಳೆಯದನ್ನು ಎತ್ತಿಡುವುದರಲ್ಲಿ ನಮ್ಮ ಕಡೆಯವರನ್ನು ಮೀರಿಸುವವರು ಕಡಿಮೆ. ಬಂಟ್ವಾಳದ ಬಿ.ಸಿ. ರೋಡಿನ ಸಂಚಯಗಿರಿಗೆ ಹೋದರೆ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕೂಡಿಟ್ಟ ಅಡುಗೆಮನೆಯ, ಗದ್ದೆಯ ಸಾಮಾನುಗಳನ್ನು ನೋಡಬಹುದು. ಬೆಳ್ತಂಗಡಿ ತಾಲೂಕಿಗೆ ದಾಟಿದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ; ಕ್ಯಾಮೆರಾಗಳೇನು, ಕಾರುಗಳೇನು! ಮೂಡುಬಿದಿರೆಯದಂತೂ ಕೇಳುವುದೇ ಬೇಡ. ಧವಳ, ಜಯಧವಳ, ಮಹಾಧವಳಗಳ ತಾಳೆಗರಿಗಳನ್ನು ಈ ಮಳೆ, ಈ ಗೆದ್ದಲಿನ ನಡುವೆ ಶತಮಾನಗಟ್ಟಲೆ ಉಳಿಸಿಕೊಂಡ ಊರು ಅದು.

ಇಂಥ ಮೂರು ಊರುಗಳು ಒಂದು ವಸ್ತುವನ್ನು ಮಾತ್ರ ಒಂಚೂರೂ ಕನಿಕರವಿಲ್ಲದೆ ಹೊರಗೆ ಹಾಕಿದವು. ತೊಂಬತ್ತರ ದಶಕದ ನಡುವಿನಿಂದ ಹೆಚ್ಚುಕಡಿಮೆ 2010ರವರೆಗೆ ನಮ್ಮ ಅಂಗಡಿ, ಕಚೇರಿ, ಕಾಲೇಜುಗಳ ಮೇಜಿನ ಕೆಳಗೆ ಗುಂಯ್ ಅನ್ನುತ್ತಿದ್ದ ಡೆಸ್ಕ್‌ಟಾಪ್ ಕಂಪ್ಯೂಟರು. ಅದು ಹೋದದ್ದು ಗುಜರಿಗೆ, ಹಳೇ ಬಕೆಟ್, ತುಕ್ಕು ಹಿಡಿದ ತಗಡಿನ ಜೊತೆ ತೂಕಕ್ಕೆ. ನಾನು ಹೆಕ್ಕಿ ಇಟ್ಟುಕೊಂಡಿರುವುದು ಅದರ ಪ್ರೊಸೆಸರುಗಳನ್ನು ಮಾತ್ರ. ಇಡೀ ಸಿಸ್ಟಮ್ ಇಡಲು ನನ್ನಲ್ಲಿ ಜಾಗವಿಲ್ಲ, ಮನೆಯವರಲ್ಲಿ ತಾಳ್ಮೆಯಿಲ್ಲ.

ಗುಜರಿಯಿಂದ ಬಂದ ಪ್ರೊಸೆಸರಿನ ಬೆನ್ನ ಮೇಲೆ ಹೀಟ್‌ಸಿಂಕಿನ ಪೇಸ್ಟು ವೀಳ್ಯದ ಡಬ್ಬಿಯ ಹಳೇ ಸುಣ್ಣದ ಹಾಗೆ ಕಚ್ಚಿಕೊಂಡಿರುತ್ತದೆ. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಮೆಲ್ಲಗೆ ಉಜ್ಜಬೇಕು. ಮೊದಲು ಕಂಪನಿಯ ಹೆಸರು ಕಾಣುತ್ತದೆ, ಆಮೇಲೆ ಎಸ್ಎಲ್ ಎಂದು ಶುರುವಾಗುವ ಐದಕ್ಷರದ ಸಂಕೇತ, ಅದರ ಪಕ್ಕದಲ್ಲಿ ಹುಟ್ಟಿದೂರು: ಮಲೇಷ್ಯಾ, ಫಿಲಿಪೀನ್ಸ್, ಕೋಸ್ಟಾ ರಿಕಾ. ಇಂಟೆಲ್ ಕೋಸ್ಟಾ ರಿಕಾದ ಜೋಡಣೆ ಕಾರ್ಖಾನೆ ಮುಚ್ಚುವುದಾಗಿ 2014ರಲ್ಲಿ ಹೇಳಿತು. ಹಾಗಾಗಿ ಆ ಹೆಸರು ಕಂಡರೆ ನಾನು ಎತ್ತಿಡುತ್ತೇನೆ. ಕೆಳಗಿನ ಬ್ಯಾಚ್ ನಂಬರಿನಲ್ಲಿ ಎರಡನೆಯ ಅಂಕೆ ವರ್ಷದ್ದು, ಅದರ ಮುಂದಿನ ಎರಡು ವಾರದ್ದು. ಜಾತಕ ಓದಲು ಇಷ್ಟು ಸಾಕು. ಬಾಗಿದ ಪಿನ್ನುಗಳನ್ನು ನೆಟ್ಟಗೆ ಮಾಡಲು ಕಡ್ಡಿ ತೆಗೆದ ಪೆನ್ ಪೆನ್ಸಿಲಿನ ತುದಿಯಷ್ಟು ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಪಿನ್ನನ್ನು ಅದರ ತೂತಿನೊಳಗೆ ತೂರಿಸಿ, ಉಸಿರು ಬಿಗಿಹಿಡಿದು, ಸ್ವಲ್ಪ ಸ್ವಲ್ಪವೇ ಎತ್ತಬೇಕು. ಒಂದು ಮುರಿದರೆ ಮುಗಿಯಿತು.

ಇವು ನಮ್ಮಲ್ಲಿ ಮಾಡಿದ ಕೆಲಸವಾದರೂ ಎಂಥದು? ಬ್ರಹ್ಮಕಲಶದ ಆಮಂತ್ರಣ ಎಂದರೆ ಇಲ್ಲಿಯವರಿಗೆ ಬೇರೆ ವಿವರಣೆ ಬೇಡ. ಹಾಳೆ ಹಾಳೆ ಹೆಸರು, ಗೌರವಾಧ್ಯಕ್ಷರಿಂದ ಹಿಡಿದು ಚಪ್ಪರ ಸಮಿತಿಯ ತನಕ. ಅದೆಲ್ಲ ಹುಟ್ಟುತ್ತಿದ್ದದ್ದು ಡಿಟಿಪಿ ಸೆಂಟರುಗಳಲ್ಲಿ, 133 ಮೆಗಾಹರ್ಟ್ಸಿನ ಪೆಂಟಿಯಂ ಮೇಲೆ, ಪೇಜ್‌ಮೇಕರಿನಲ್ಲಿ. ದೇವರ ಫೋಟೋ ಒಂದಿಂಚು ಸರಿಸಿದರೆ ಪರದೆ ಮೇಲಿಂದ ಕೆಳಗೆ ಹೊಸದಾಗಿ ಮೂಡಿಬರುವವರೆಗೆ ಕಾಯಬೇಕು. ಕುರ್ಚಿಯ ಹಿಂದೆ ಸಮಿತಿಯವರು ನಿಂತಿರುತ್ತಿದ್ದರು. "ಇವರ ಹೆಸರು ಸ್ವಲ್ಪ ಮೇಲೆ ಹೋಗ್ಲಿ ಮಾರಾಯ್ರೇ, ಇಲ್ಲದಿದ್ರೆ ನಾಳೆ ಗಲಾಟೆ ಉಂಟು." ಒಂದು ಸಾಲು ಮೇಲೆ ಹೋಗುವಷ್ಟರಲ್ಲಿ ಚಹಾ ಬಂದು ಆರುತ್ತಿತ್ತು. ಆ ನಿಧಾನದಲ್ಲೇ ಎಷ್ಟೋ ಜಗಳ ಬಗೆಹರಿದದ್ದೂ ಉಂಟು.

ಯಕ್ಷಗಾನದ ಕರಪತ್ರ, ಕಂಬಳದ ಬ್ಯಾನರು, ಮದುವೆ ಕಾಗದ, ಸಹಕಾರಿ ಸಂಘದ ವಾರ್ಷಿಕ ವರದಿ, ಎಲ್ಲವೂ ಇದೇ ದಾರಿಯಲ್ಲಿ ಬಂದವು. ಅದಕ್ಕೆ ಬೇಕಾದ ಕನ್ನಡದ ಕೀಲಿಮಣೆ ವಿನ್ಯಾಸವೂ ನಮ್ಮ ಸೀಮೆಯವರದೇ. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಗುರುಪುರ ಕೈಕಂಬ ಸಿಗುತ್ತದಲ್ಲ, ಅದರ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ್ದು. ಅವರ ತಂತ್ರಾಂಶಕ್ಕೆ ಅವರಿಟ್ಟ ಹೆಸರು 'ಸೇಡಿಯಾಪು', ಪಂಡಿತ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಆ ವಿನ್ಯಾಸವೇ ಮುಂದೆ 'ನುಡಿ' ತಂತ್ರಾಂಶದಲ್ಲಿ ಸೇರಿ ಸರಕಾರದ ಮಾನ್ಯತೆ ಪಡೆಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ ಮನೆಯ ಕಂಪ್ಯೂಟರಿನಲ್ಲೂ ಕನ್ನಡ ಮೂಡಿತು. ಆಮೇಲೆ ಭೂಮಿ ಯೋಜನೆ ಬಂತು. ಕೈಬರಹದ ಪಹಣಿ ನಿಂತು ತಾಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಹಾಳೆ ಸಿಗತೊಡಗಿತು. ಅಡಿಕೆ ತೋಟದ ಸರ್ವೆ ನಂಬರು ಇಂಥ ಚಿಪ್ಪುಗಳ ಮೂಲಕ ಹಾದುಹೋಯಿತು ಅಂದರೆ ಈಗಿನ ಹುಡುಗರು ನಗುತ್ತಾರೆ.

ಹೋಲಿಸಿ ನೋಡುವ ಮೋಜು ಬೇರೆಯೇ. ಬಲ್ಲವರು ಅದಕ್ಕೆಂದೇ ಇರುವ ಪರೀಕ್ಷಾ ತಂತ್ರಾಂಶಗಳನ್ನು ಓಡಿಸುತ್ತಾರೆ. ನಾನು ಓಡಿಸುವುದು ಒಂದು ಹಳೇ ಬ್ರಹ್ಮಕಲಶದ ಆಮಂತ್ರಣದ ಫೈಲನ್ನು. ಎಂಎಂಎಕ್ಸ್ ಪೆಂಟಿಯಂ ಅದನ್ನು ತೆರೆಯಲು ತಿಣುಕುತ್ತದೆ, ಪಿ-ತ್ರೀ, ಅಂದರೆ ಪೆಂಟಿಯಂ ತ್ರೀ, ಸಲೀಸಾಗಿ ತೆರೆಯುತ್ತದೆ. ಸ್ವಾರಸ್ಯವಿರುವುದು ಪಿ-ಫೋರಿನಲ್ಲಿ. 2000ದ ನವೆಂಬರಿನಲ್ಲಿ 1.4 ಮತ್ತು 1.5 ಗಿಗಾಹರ್ಟ್ಸ್ ಎಂದು ಡಂಗುರ ಹೊಡೆದು ಬಂದ ಪ್ರೊಸೆಸರು ಅದು. ಒಂದು ಆದೇಶ ಹಾದುಹೋಗಬೇಕಾದ ಒಳಗಿನ ಹಂತಗಳನ್ನು ಪಿ-ತ್ರೀಯ 10ರಿಂದ 20ಕ್ಕೆ ಏರಿಸಿದ್ದರು. ಗಡಿಯಾರವೇನೋ ಜೋರಾಗಿ ಓಡಿತು, ಒಂದೊಂದು ಬಡಿತಕ್ಕೆ ಆಗುವ ಕೆಲಸ ಇಳಿಯಿತು. ಅದರ ಮೇಲೆ ನಮ್ಮ ಕಡೆ ಕಡಿಮೆ ಬೆಲೆಗೆಂದು ಹಾಕಿಸಿಕೊಂಡದ್ದು ಹಳೇ ಎಸ್‌ಡಿ ರ‍್ಯಾಮಿನ ಬೋರ್ಡು. ನನ್ನ ಆಮಂತ್ರಣದ ಫೈಲಿನ ಮಟ್ಟಿಗೆ ಒಂದು ಗಿಗಾಹರ್ಟ್ಸಿನ ಪಿ-ತ್ರೀ ಈ ಪಿ-ಫೋರಿಗೆ ಸೊಪ್ಪು ಹಾಕುವುದಿಲ್ಲ. ಸಾಲ ಮಾಡಿ ಪಿ-ಫೋರ್ ತಂದವರ ಮುಂದೆ ಆಗ ಇದನ್ನು ಹೇಳುವ ಧೈರ್ಯ ಯಾರಿಗಿತ್ತು!

ಇಂಟೆಲಿನ ಎದುರಾಳಿ ಎಎಂಡಿಯವರದು ಇನ್ನೊಂದು ವರಸೆ. ಅಥ್ಲಾನ್ ಎಕ್ಸ್‌ಪಿ 1800+ ಎಂದು ಹೆಸರು, ಓಡುವುದು 1533 ಮೆಗಾಹರ್ಟ್ಸಿನಲ್ಲಿ. ಕೆಲಸದಲ್ಲಿ ಮಾತ್ರ ಹೆಸರಿಗೆ ಮೋಸವಿಲ್ಲ. ಆದರೂ "ಎಎಂಡಿ ಬಿಸಿ ಆಗ್ತದೆ" ಎಂಬ ಮಾತು ಅಂಗಡಿಯಿಂದ ಅಂಗಡಿಗೆ ಹೋಗಿ ಕಡೆಗೆ ವೇದವಾಕ್ಯವಾಯಿತು. ನನಗೆ ಸಿಗುವ ಅಥ್ಲಾನುಗಳಲ್ಲಿ ಮೂಲೆ ಚೂರು ಹಾರಿದವೇ ಹೆಚ್ಚು. ಅದರ ಸಿಲಿಕಾನಿನ ಮೇಲೆ ಮುಚ್ಚಳ ಇರಲಿಲ್ಲ. ಸ್ಕ್ರೂಡ್ರೈವರಿನಲ್ಲಿ ಹೀಟ್‌ಸಿಂಕಿನ ಕ್ಲಿಪ್ಪು ಒತ್ತುವಾಗ ಕೈ ಒಂದು ಕಡೆ ಭಾರವಾದರೆ ಸಾಕು, ಮೂಲೆ ಹೋಯಿತು. ಅಥ್ಲಾನಿಗಿಂತ ಮೊದಲು ಎಎಂಡಿಗೆ ಕೆ-6 ಪ್ರೊಸೆಸರು ತಂದುಕೊಟ್ಟವರಲ್ಲಿ ಪುಣೆಯಲ್ಲಿ ಹುಟ್ಟಿದ ವಿನೋದ್ ಧಾಮ್ ಒಬ್ಬರು. ಅದಕ್ಕೂ ಮೊದಲು ಇಂಟೆಲ್‌ನಲ್ಲಿ 1993ರ ಪೆಂಟಿಯಂ ಹೊರತಂದವರೂ ಅವರೇ. ಎರಡೂ ಕಡೆಯ ತಂತ್ರ ಬಲ್ಲ ಇಂಥವರು ಯಕ್ಷಗಾನದಲ್ಲಿದ್ದಿದ್ದರೆ ಇಷ್ಟರಲ್ಲಿ ಒಂದು ಪ್ರಸಂಗವೇ ಆಗಿರುತ್ತಿತ್ತು.

ನನ್ನ ಸಂಗ್ರಹದ ತೂಕ ಸಮನಾಗಿಲ್ಲ. ಸೆಲೆರಾನ್ ರಾಶಿ ಇವೆ, ಪಿ-ಫೋರ್ ಬೇಡವೆಂದರೂ ಬರುತ್ತವೆ, ಪೆಂಟಿಯಂಗಿಂತ ಹಿಂದಿನ 486 ಅಪರೂಪ. ಅದಕ್ಕೆ ಕಾರಣ ಒಂದು ಮಟ್ಟಿಗೆ ನಮ್ಮ ಹವೆ. ಪತ್ತನಾಜೆಯ ಸುತ್ತಮುತ್ತಲಿನ ಸಿಡಿಲು, ಮತ್ತೆ ಹಿಂಗಾರಿನ ಸಂಜೆಯ ಸಿಡಿಲು, ಟೆಲಿಫೋನ್ ತಂತಿಯಲ್ಲಿ ಇಳಿದು ಮೋಡೆಮ್ಮನ್ನೂ ಬೋರ್ಡನ್ನೂ ಒಟ್ಟಿಗೆ ಸುಟ್ಟುಬಿಡುತ್ತಿದ್ದವು. ಆಕಾಶ ಕಪ್ಪಾದರೆ ಮೊದಲು ವಯರ್ ಕೀಳುವುದು ಇಲ್ಲಿನ ಮಕ್ಕಳು ಕಂಪ್ಯೂಟರಿನಲ್ಲಿ ಕಲಿತ ಮೊದಲ ಪಾಠ. ಬೇಸಗೆಯಲ್ಲಿ ತೋಟದ ಪಂಪು ಚಾಲೂ ಆದರೆ ವೋಲ್ಟೇಜು ಕುಸಿದು ಪರದೆ ಸಣ್ಣದಾಗುತ್ತಿತ್ತು. ಆಟಿಯಲ್ಲಿ ಪಿನ್ನಿನ ಬುಡಕ್ಕೆ ಹಸಿರು ಕಿಲುಬು. ಇನ್ನು ಕ್ಯಾಬಿನೆಟ್ಟಿನೊಳಗೆ ಗೂಡು ಕಟ್ಟಿದ ಇರುವೆ, ಮೊಟ್ಟೆಯಿಟ್ಟ ಹಲ್ಲಿಗಳ ಲೆಕ್ಕ ಬೇರೆ.

ಇದನ್ನೆಲ್ಲ ತಡೆದುಕೊಂಡು ಉಳಿದವುಗಳಿಗೆ ಕಂಟಕವಾದದ್ದು ಎರಡು. ಒಂದು, 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯ ಕೈಬಿಟ್ಟದ್ದು. ಚೆನ್ನಾಗಿ ಓಡುತ್ತಿದ್ದ ಪಿ-ಫೋರುಗಳನ್ನೂ ಕಚೇರಿಗಳು ಹೊರಗೆ ಹಾಕಿದವು. ಇನ್ನೊಂದು, ಅವುಗಳೊಳಗಿನ ಚಿನ್ನ. ಹಳೇ ಸೆರಾಮಿಕ್ ಪ್ರೊಸೆಸರುಗಳ ಪಿನ್ನಿಗೂ ಕೆಲವದರ ಮುಚ್ಚಳಕ್ಕೂ ಚಿನ್ನದ ಲೇಪವಿದೆ. ಗುಜರಿಯವರಿಗೆ ಇದು ಗೊತ್ತಾದ ಮೇಲೆ ವಸ್ತು ಸಿಗುವುದು ಕಷ್ಟವಾಯಿತು. ನನಗೆ ಪರಿಚಯದ ಕಾಕ ಒಬ್ಬರು ಮೊದಲೆಲ್ಲ "ಹೆಕ್ಕಿಕೊಳ್ಳಿ ಮಾಸ್ಟ್ರೇ, ಅದರಲ್ಲಿ ಎಂತ ಉಂಟು?" ಅನ್ನುತ್ತಿದ್ದವರು ಈಗ ಗೋಣಿಯ ಬಾಯಿ ಬಿಗಿಹಿಡಿದು, "ಇದ್ರಲ್ಲಿ ಬಂಗಾರ ಉಂಟು ಮಾಸ್ಟ್ರೇ, ಬೆಂಗಳೂರಿನವರು ತಗೊಳ್ತಾರೆ" ಅನ್ನುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆ ವಸ್ತುವಿಗೆ ಬೆಲೆ ಇದೆಯೆಂದು ಊರಿನಲ್ಲಿ ಮೊದಲು ಕಂಡುಕೊಂಡವರು ಅವರೇ. ಆದರೆ ಆ ಬಂಗಾರ ಹೊರಬರುವುದು ಆಸಿಡ್ಡಿನಲ್ಲಿ. ಆಸಿಡ್ಡಿಗೆ ಬಿದ್ದ 486ಕ್ಕೆ ಬ್ಯಾಚ್ ನಂಬರು ಉಳಿಯುವುದಿಲ್ಲ.

ಇನ್ನೂ ಒಂದು ಸಂಕಟವಿದೆ. ಅಂದು ಪ್ರೊಸೆಸರು ಕೈಗೆ ಬರುತ್ತಿತ್ತು. ಸಾಕೆಟ್ಟಿನ ಪಕ್ಕದ ಸಣ್ಣ ಲಿವರ್ ಎತ್ತಿದರೆ ಕಂಪ್ಯೂಟರಿನ ಬುದ್ಧಿ ಅಂಗೈ ಮೇಲೆ. 2004ರಿಂದ ಇಂಟೆಲ್ ಪಿನ್ನುಗಳನ್ನು ಮದರ್‌ಬೋರ್ಡಿಗೆ ವರ್ಗಾಯಿಸಿತು. ಲ್ಯಾಪ್‌ಟಾಪ್ ಬಂದ ಮೇಲೆ ಬೋರ್ಡಿಗೇ ಬೆಸುಗೆ ಹಾಕಿದ ಪ್ರೊಸೆಸರುಗಳು ಬಂದವು. ಬಿಚ್ಚುವ ಮಾತೇ ಇಲ್ಲ. ವೇಣೂರು, ಸಿದ್ಧಕಟ್ಟೆ, ಗುರುವಾಯನಕೆರೆ ಅಂತ ಬೈಕಿನ ಹಿಂದೆ ಎಸ್‌ಎಂಪಿಎಸ್ ಕಟ್ಟಿಕೊಂಡು ತಿರುಗುತ್ತಿದ್ದ ರಿಪೇರಿ ಹುಡುಗರು ಒಂದೊಂದೇ ಭಾಗ ತೆಗೆದು, ಬೇರೆ ಹಾಕಿ, ರೋಗ ಯಾವುದರಲ್ಲಿ ಎಂದು ಕಂಡುಹಿಡಿಯುತ್ತಿದ್ದರು. ಆ ಕೈಚಳಕ ಈಗ ಸಿಸಿ ಕ್ಯಾಮೆರಾ ಕೂರಿಸುವುದಕ್ಕೆ ಹೋಗಿದೆ. ಹೊಟ್ಟೆಪಾಡು, ತಪ್ಪೇನಲ್ಲ. ಆದರೆ ಯಾವ ಬೋರ್ಡಿಗೆ ಯಾವ ಪ್ರೊಸೆಸರ್ ಕೂರುತ್ತದೆ ಎಂದು ಬಾಯಲ್ಲೇ ಹೇಳುತ್ತಿದ್ದವರು ಈಗ ಯೋಚಿಸಿ ಹೇಳುತ್ತಾರೆ, ಕೆಲವರು ಅದನ್ನೂ ಬಿಟ್ಟಿದ್ದಾರೆ.

ನಿಮ್ಮ ಅಟ್ಟದಲ್ಲಿ ಅಂಥದ್ದೊಂದು ಕ್ಯಾಬಿನೆಟ್ ಇದ್ದರೆ ಮಾರುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಹಾರ್ಡ್ ಡಿಸ್ಕನ್ನು ಮೊದಲು ತೆಗೆದಿಡಿ, ಅದರಲ್ಲಿ ನಿಮ್ಮ ಮನೆಯ ಕಾಗದಪತ್ರ ಇರುತ್ತದೆ. ಪಿ-ಫೋರ್ ಆದರೆ, ಓಡುವ ಸ್ಥಿತಿಯಲ್ಲಿದ್ದರೆ, ಸ್ವಲ್ಪ ಹೊತ್ತು ಚಾಲೂ ಮಾಡಿ ಆಮೇಲೆ ವಯರ್ ಕಿತ್ತು ಹೀಟ್‌ಸಿಂಕ್ ತೆಗೆಯಿರಿ. ಪೇಸ್ಟು ಬಿಸಿಯಾದರೆ ಸಡಿಲವಾಗುತ್ತದೆ. ತಣ್ಣಗಿರುವಾಗ ಎಳೆದರೆ ಪ್ರೊಸೆಸರು ಅದರ ಜೊತೆಗೇ ಕಿತ್ತುಬಂದು ಪಿನ್ನು ಬಾಗುತ್ತದೆ. ಒಂದು ಲಕೋಟೆಗೆ ಹಾಕಿ, ಮೇಲೆ ನಾಲ್ಕು ಸಾಲು ಬರೆಯಿರಿ: ಯಾವ ಊರಿನದು, ಯಾವ ವರ್ಷ ತಂದದ್ದು, ಯಾರು ಜೋಡಿಸಿದ್ದು, ಅದರಲ್ಲಿ ಏನು ಕೆಲಸ ನಡೆಯಿತು. ಬೇಡವೆನಿಸಿದರೆ ನನಗೆ ಕೊಡಿ. ಗುಜರಿಯವರು ಕೊಡುವುದಕ್ಕಿಂತ ಹತ್ತು ರೂಪಾಯಿ ಜಾಸ್ತಿ ಕೊಡುತ್ತೇನೆ. ಆ ನಾಲ್ಕು ಸಾಲು ಇದ್ದರೆ ಇನ್ನೂ ಹತ್ತು.