ಗೋದಾವರಿಗೆ ಕಿವಿಗೊಟ್ಟು

ನಾಸಿಕದಲ್ಲೇ ಹುಟ್ಟಿ ಬೆಳೆದ ನಮ್ಮ ಸಂಘದ ಹುಡುಗ ಹುಡುಗಿಯರೇ,

ಮಳೆಗಾಲದಲ್ಲಿ ದುತೊಂಡ್ಯಾ ಮಾರುತಿಗೆ ಎಲ್ಲಿಯವರೆಗೆ ನೀರು ಬಂತೆಂದು ನೋಡಲು ನೀವೆಲ್ಲ ಓಡುತ್ತೀರಿ. ಮೊಣಕಾಲೋ, ಸೊಂಟವೋ? ಆದರೆ ಮಾರುತಿ ಹೇಳುವುದು ನೀರಿನ ಎತ್ತರ ಮಾತ್ರ. ಎಷ್ಟು ನೀರು ಹರಿದುಹೋಯಿತೆಂದು ಲೆಕ್ಕ ಹಾಕುವುದು ನನ್ನ ನೌಕರಿಯಾಗಿತ್ತು.

ಆಗ ಸೇತುವೆಯ ಮೇಲಿಂದ ಬಟ್ಟಲು ಮೀಟರನ್ನು ತಂತಿಯಲ್ಲಿ ಇಳಿಬಿಡುತ್ತಿದ್ದೆವು. ಹರಿವಿಗೆ ಬಟ್ಟಲುಗಳು ಗಿರಗಿರ ತಿರುಗಿದಂತೆ ಹೆಡ್‌ಫೋನಿನಲ್ಲಿ ಟಕ್, ಟಕ್. ಸ್ಟಾಪ್‌ವಾಚ್ ಹಿಡಿದು ಎಣಿಸಬೇಕು. ಒಂದು ದಿನ ಊರಿನಿಂದ ಬಂದ ಕಾಗದದ ಯೋಚನೆಯಲ್ಲಿ ಎಣಿಕೆ ತಪ್ಪಿ, ಅಂದಾಜಿನ ಮೇಲೆ ಬರೆದುಬಿಟ್ಟೆ. ಯಾರಿಗೂ ತಿಳಿಯಲಿಲ್ಲ. ನಾನು ಮರೆತಿಲ್ಲ.

ಏಕೆಂದರೆ ಕೆಳಗೆ ಪೈಠಣದಲ್ಲಿ 1976ರಲ್ಲಿ ಉದ್ಘಾಟನೆಯಾದ ಜಾಯಕವಾಡಿ ಅಣೆಕಟ್ಟಿದೆ. ಛತ್ರಪತಿ ಸಂಭಾಜಿನಗರಕ್ಕೆ (ನನ್ನ ಬಾಯಿಗೆ ಇನ್ನೂ ಔರಂಗಾಬಾದೇ ಬರುತ್ತದೆ) ಕುಡಿಯುವ ನೀರು ಅಲ್ಲಿಂದಲೇ. ಅದು ಶೇ. 65ರಷ್ಟು ತುಂಬದ ವರ್ಷ ಮೇಲಿನ ಅಣೆಕಟ್ಟುಗಳು ನೀರು ಬಿಡಬೇಕೆಂದು 2014ರಲ್ಲಿ ಆದೇಶವಾಯಿತು. ನಾವು ಬಿಟ್ಟೆವು ಎನ್ನುತ್ತಾರೆ ಇಲ್ಲಿ. ನಮಗೆ ಬರಲಿಲ್ಲ ಎನ್ನುತ್ತಾರೆ ಅಲ್ಲಿ. ನಡುದಾರಿಯಲ್ಲಿ ಮರಳು, ಬಿಸಿಲು, ಪಂಪುಗಳು ಕುಡಿದದ್ದೆಷ್ಟು? ಒಂದು ಟಿಎಂಸಿಯಲ್ಲಿ ನೂರಕ್ಕೆ ಐದರಷ್ಟು ಅಳತೆ ತಪ್ಪಿದರೂ 140 ಕೋಟಿ ಲೀಟರಿನ ಜಗಳ! ನೀರಿನ ವಿದ್ಯೆಯ ಸಂಸ್ಥೆಗಳೇನೋ ಎರಡೂ ಊರಲ್ಲಿವೆ: ನಮ್ಮಲ್ಲಿ 1959ರ ಮೇರಿ, ಅಲ್ಲಿ 1980ರ ವಾಲ್ಮಿ.

ಈಗ ಎಡಿಸಿಪಿ ಎಂಬ ಯಂತ್ರ ಬಂದಿದೆ. ದೋಣಿಗೆ ಕಟ್ಟಿ ಈ ದಡದಿಂದ ಆ ದಡಕ್ಕೆ ಎಳೆದರೆ ಸಾಕು. ನಮಗೆ ಕೇಳಿಸದ ಸದ್ದನ್ನು ನೀರಿಗೆ ಬಿಡುತ್ತದೆ. ನೀರಿನೊಡನೆ ತೇಲುವ ಹೂಳಿನ ಕಣಗಳಿಗೆ ಬಡಿದು ಅದು ಮರುದನಿಯಾಗಿ ಬರುತ್ತದೆ. ಸ್ಟೇಷನ್ನಿನಲ್ಲಿ ನಿಂತವರಿಗೆ ಗೊತ್ತು, ಹತ್ತಿರ ಬರುವ ರೈಲಿನ ಸಿಳ್ಳೆಯ ಶ್ರುತಿ ಏರಿರುತ್ತದೆ, ದಾಟಿಹೋದ ಕೂಡಲೇ ಇಳಿಯುತ್ತದೆ. 1842ರಲ್ಲಿ ಡಾಪ್ಲರ್ ವಿವರಿಸಿದ್ದು ಇದನ್ನೇ. ಮರುದನಿಯ ಶ್ರುತಿ ಎಷ್ಟು ಬದಲಾಯಿತೆಂಬುದರಿಂದ ಪ್ರತಿ ಆಳದ ವೇಗ ಸಿಗುತ್ತದೆ. ಅಗಲ, ಆಳ, ವೇಗ ಗುಣಿಸಿದರೆ ಹರಿವು. ಪರದೆಯ ಮೇಲೆ ಕಲ್ಲಂಗಡಿ ಹೋಳಿನಂತೆ ಅಡ್ಡ ಕೊಯ್ದ ನದಿ, ವೇಗಕ್ಕೊಂದು ಬಣ್ಣ. ಮೊದಲ ಸಲ ನೋಡಿದಾಗ ನನ್ನ ಹೆಡ್‌ಫೋನ್ ನೆನಪಾಗಿ ನಗು ಬಂತು. ಇದಕ್ಕೂ ಮೋಸವಾಗುವುದುಂಟು: ಪ್ರವಾಹದಲ್ಲಿ ತಳದ ಮರಳೇ ಹರಿಯತೊಡಗಿದರೆ ಲೆಕ್ಕ ಕಡಿಮೆ ತೋರಿಸುತ್ತದೆ. ಆಗ ಜಿಪಿಎಸ್ ಜೋಡಿಸಿ ತಿದ್ದಬೇಕು.

ನನ್ನ ತಂಗಿಯನ್ನು ಕೊಟ್ಟಿರುವುದು ಸಂಭಾಜಿನಗರಕ್ಕೆ. "ಅಣ್ಣಾ, ನಿಮ್ಮೂರವ್ರು ನಮ್ಮ ನೀರು ತಡದಾರಂತಲ್ಲ, ಖರೇನ?" ಎಂದು ಫೋನಿನಲ್ಲಿ ಕೇಳಿದಳು. ಈ ಯಂತ್ರದ ಕಥೆಯನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು ಅಂದಳು:

"ಆತು. ಮಷೀನು ನಿಮ್ಮ ಕಡೀದೋ, ನಮ್ಮ ಕಡೀದೋ?"