ಕೂಗುವ ಕಾರು

ಕಳ್ಳರ ಭಯ ಮನುಷ್ಯನಿಗೆ ಇಂದು ನಿನ್ನೆಯದಲ್ಲ. ಅಂಗಳದಲ್ಲಿ ನಾಯಿಯನ್ನು ಕಟ್ಟಿದ್ದೂ, ಬಾಗಿಲಿಗೆ ಅಗುಳಿ ಹಾಕಿದ್ದೂ, ಕೊನೆಗೆ ಕಾರಿಗೆ ಕೂಗುವ ಯಂತ್ರವನ್ನು ಜೋಡಿಸಿದ್ದೂ ಈ ಭಯದಿಂದಲೇ. ಆದರೆ ನಾಯಿಗೂ ಯಂತ್ರಕ್ಕೂ ಒಂದು ವ್ಯತ್ಯಾಸವುಂಟು. ನಾಯಿ ಮನೆಯವರ ಹೆಜ್ಜೆಯನ್ನು ಬಲ್ಲದು. ಯಂತ್ರ ಬಲ್ಲದ್ದು ಬಾಗಿಲ ಸಂದಿನಲ್ಲಿ ಅಡಗಿರುವ ಒಂದು ಗುಂಡಿಯನ್ನು ಮಾತ್ರ.

ಶಿವಮೊಗ್ಗದ ವಿನೋಬನಗರದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆಯಲ್ಲಿ ಮಾರುತಿ 800 ಕಾರೊಂದಿದೆ. 1983ರಲ್ಲಿ ಮಾರುಕಟ್ಟೆಗೆ ಬಂದು, ಎಷ್ಟೋ ಮಧ್ಯಮ ವರ್ಗದ ಸಂಸಾರಗಳಿಗೆ ಮೊದಲ ಕಾರಿನ ಸಂಭ್ರಮವನ್ನು ತಂದು, 2014ರಲ್ಲಿ ತಯಾರಿಕೆ ನಿಂತುಹೋದ ವಂಶದ ಕುಡಿ ಅದು. 15 ವರ್ಷ ತುಂಬಿದಾಗ ಅದರ ನೋಂದಣಿಯನ್ನು ನವೀಕರಿಸಿಕೊಂಡು ಮೇಷ್ಟ್ರು ಜೋಪಾನ ಮಾಡಿದ್ದರು. ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೊರಟ ಮಗ, ಮನೆಯಲ್ಲಿ ಮುದುಕರಿಬ್ಬರೇ ಎಂಬ ಚಿಂತೆಯಿಂದ ಅದಕ್ಕೊಂದು ಅಲಾರಂ ಹಾಕಿಸಿದ. ರಿಮೋಟನ್ನು ತಾಯಿಯ ಕೈಗಿತ್ತು, “ಏನಾದರೂ ಆದರೆ ಈ ಕೆಂಪು ಗುಂಡಿ ಒತ್ತಮ್ಮ, ಬೀದಿಯೇ ಎದ್ದು ಬರುತ್ತೆ” ಎಂದ.

ಮಲೆನಾಡಿನ ಮಳೆಗಾಲ ಹಿಡಿಯಿತು. ಒಂದು ನಡುರಾತ್ರಿ, ಮುಟ್ಟುವವರಿಲ್ಲದೆಯೇ ಕಾರು ಕೂಗಿತು. ಮೊದಲ ರಾತ್ರಿ ನೆರೆಯವರು ಟಾರ್ಚು, ದೊಣ್ಣೆ ಹಿಡಿದು ಓಡಿಬಂದರು. ಮೂರನೆಯ ರಾತ್ರಿ ಕಿಟಕಿಗಳಷ್ಟೇ ತೆರೆದುವು. ವಾರ ಕಳೆಯುವುದರೊಳಗೆ ಎಲ್ಲರೂ ಮಗ್ಗುಲು ಬದಲಿಸಿ ಮಲಗುವುದನ್ನು ಕಲಿತರು. ಎದುರು ಮನೆಯ ವಕೀಲರು ಮಾತ್ರ, 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ಲೇ ಮಿತಿ ಎಂದು ವಿನಯವಾಗಿ ತಿಳಿಸಿ ಹೋದರು.

ಹೀಗಿರುವಾಗ ಒಂದು ರಾತ್ರಿ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದರು. ಕಾಲು ಊರಲಾಗಲಿಲ್ಲ. ಆಕೆ ನಡುಗುವ ಕೈಯಿಂದ ಕೆಂಪು ಗುಂಡಿಯನ್ನು ಒತ್ತಿದರು. ಕಾರು ಬೀದಿ ಬಿರಿಯುವಂತೆ ಕೂಗಿತು. ಯಾರೂ ಬರಲಿಲ್ಲ. ಕೊನೆಗೆ ಆಕೆಯೇ ಮಳೆಯಲ್ಲಿ ನೆನೆಯುತ್ತ ಹೋಗಿ ವಕೀಲರ ಮನೆಯ ಬಾಗಿಲು ತಟ್ಟಬೇಕಾಯಿತು. “ಅಯ್ಯೋ, ದಿನವೂ ಕೂಗುತ್ತಲ್ಲ ಅಂತ ಸುಮ್ಮನಾದೆವಮ್ಮ” ಎಂದು ಅವರು ಕಳವಳದಿಂದ ಓಡಿಬಂದರು. ‘ತೋಳ ಬಂತು ತೋಳ’ ಎಂಬ ಕಥೆಯನ್ನು ನೂರಾರು ಮಕ್ಕಳಿಗೆ ಹೇಳಿದ್ದ ಮೇಷ್ಟ್ರಿಗೆ ಅದರ ನೀತಿ ಕಾಲಿನ ಮೂಳೆಗೇ ತಾಗಿತು.

ತಂತಿಯನ್ನು ಕತ್ತರಿಸಿಬಿಡಿ ಎಂದು ಹೇಳಿದವರು ಹಲವರು. ಆದರೆ ಭದ್ರಾವತಿಯಿಂದ ಬಂದ ಬಂಧುವೊಬ್ಬರು ಅದಕ್ಕೆ ಒಪ್ಪಲಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿ, ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಪಡೆದ ಕಬ್ಬಿಣದ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು ಅವರು. “ಭಾವ, ಕೂಗು ನಿಲ್ಲಿಸೋದು ಒಂದು ನಿಮಿಷದ ಕೆಲಸ. ಯಾಕೆ ಕೂಗುತ್ತೆ ಅಂತ ಹುಡುಕೋದೇ ನಿಜವಾದ ಕೆಲಸ. ಕಾರ್ಖಾನೆಯಲ್ಲಿ ಎಚ್ಚರಿಕೆ ಗಂಟೆ ಸುಳ್ಳು ಹೊಡೆದರೆ ನಾವು ಗಂಟೆಯ ಬಾಯಿ ಕಟ್ಟುತ್ತಿರಲಿಲ್ಲ” ಎಂದರು.

ಅವರು ಮೊದಲು ಬ್ಯಾಟರಿಯನ್ನು ಅಳೆದರು. ಪೂರ್ತಿ ತುಂಬಿದ ಬ್ಯಾಟರಿ ವಿರಾಮದಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಅದು ಸೊರಗಿದರೂ ಅಲಾರಂ ತಪ್ಪು ತಿಳಿಯುವುದುಂಟು. ಅಲ್ಲಿ ದೋಷವಿರಲಿಲ್ಲ. ಆಮೇಲೆ ಬಾಗಿಲುಗಳ ಸರದಿ. ಬಾಗಿಲು ಮುಚ್ಚಿದಾಗ ಕಂಬದಲ್ಲಿರುವ ಗುಂಡಿ ಒಳಗೆ ಒತ್ತಿಹೋಗಿ ಸಂಪರ್ಕ ಕಡಿಯುತ್ತದೆ. ತೆರೆದಾಗ ಸ್ಪ್ರಿಂಗು ಅದನ್ನು ಹೊರಕ್ಕೆ ತಳ್ಳಿ, ತಂತಿಯನ್ನು ಕಾರಿನ ಲೋಹದ ಮೈಗೆ ಸೇರಿಸುತ್ತದೆ; ಒಳಗಿನ ದೀಪ ಹೊತ್ತುತ್ತದೆ, ಅಲಾರಮಿಗೆ ಸುದ್ದಿ ಮುಟ್ಟುತ್ತದೆ. ರಬ್ಬರು ಹರಿದು ನೀರು ನುಗ್ಗಿದರೆ, ತುಕ್ಕು ಹಿಡಿದ ಗುಂಡಿ ಪೂರ್ತಿ ಒಳಗೆ ಸರಿಯದು. ಮುಚ್ಚಿದ ಬಾಗಿಲೂ ತೆರೆದಿದೆ ಎಂದೇ ಯಂತ್ರ ನಂಬುತ್ತದೆ.

ಒಂದೊಂದೇ ಗುಂಡಿಯನ್ನು ಅವರು ಬೆರಳಿನಿಂದ ಒತ್ತಿ ನೋಡಿದರು. ಹಿಂದಿನ ಎಡಬಾಗಿಲಿನ ಗುಂಡಿ ಒತ್ತಿದಾಗ ದೀಪ ಆರದೆ ಮಿಣುಕಿತು. ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿಟ್ಟು ಸ್ಕ್ರೂ ತೆಗೆದರು. ತಂತಿ ಕಂಬದೊಳಗೆ ಜಾರಿಹೋಗದಂತೆ ಅದಕ್ಕೊಂದು ದಾರ ಕಟ್ಟಿದರು. ಹೊರಬಂದ ಗುಂಡಿಯ ತುಂಬ ಕೆಂಪು ತುಕ್ಕು. “ನಮ್ಮೂರಿನವರು ಮಾಡುವುದು ಕಬ್ಬಿಣ, ನಿಮ್ಮೂರಿನ ಮಳೆ ಮಾಡುವುದು ಇದು” ಎಂದು ನಕ್ಕರು. ಅದನ್ನು ಉಜ್ಜಿ ತೇಪೆ ಹಾಕುವ ಬದಲು ಹೊಸ ಗುಂಡಿಯನ್ನೂ ರಬ್ಬರನ್ನೂ ತರಿಸಿ ಕೂಡಿಸಿದರು.

ಆ ರಾತ್ರಿ ಕಾರು ಮೌನವಾಗಿತ್ತು, ಮರುರಾತ್ರಿಯೂ. ಆದರೆ ನೆರೆಹೊರೆಯವರಲ್ಲಿ ಅದಕ್ಕಿದ್ದ ಮಾತಿನ ಬೆಲೆ ಗುಂಡಿಯ ಜೊತೆಗೆ ಅಂಗಡಿಯಲ್ಲಿ ಸಿಕ್ಕುವಂಥದಲ್ಲವಷ್ಟೆ! ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಮೇಷ್ಟ್ರು ಕೋಲೂರಿಕೊಂಡು ಮನೆಮನೆಗೂ ಹೋದರು. ರಿಪೇರಿಯಾದುದನ್ನು ವಿವರಿಸಿ, ಹಿಂದಿನ ರಾತ್ರಿಗಳಿಗಾಗಿ ಕ್ಷಮೆ ಕೇಳಿ, “ಇನ್ನು ಮೇಲೆ ಕೂಗಿದರೆ ದಯವಿಟ್ಟು ಬನ್ನಿ” ಎಂದು ಬೇಡಿಕೊಂಡರು. ಕಾಫಿ ಕುಡಿಯದೆ ಯಾರೂ ಬಿಡಲಿಲ್ಲ. ವಕೀಲರು ತಮ್ಮ ಫೋನ್ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಆಕೆಗೆ ಕಳುಹಿಸಿದರು. ಆಕೆ ಆ ಚೀಟಿಯನ್ನು ರಿಮೋಟಿನ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.