ಹೊಳೆಯ ತವರು ಚಾಂದೋಲಿ

ಮಳೆಗಾಲ ಬಂತೆಂದರೆ ಕೃಷ್ಣಾ ದಂಡೆಯ ಊರುಗಳಲ್ಲಿ ಹೆಂಗಸರ ಬಾಯಲ್ಲಿ ಕೆಲವು ಹೆಸರುಗಳು ಓಡಾಡುತ್ತಿರುತ್ತವೆ. ಕೊಯ್ನಾದಿಂದ ಎಷ್ಟು ನೀರು ಬಿಟ್ಟರಂತೆ? ವಾರಣಾ ತುಂಬಿತೇ? ರಾಧಾನಗರಿಯ ಬಾಗಿಲು ತೆರೆದವೇ? ಬೀಗರ ಮನೆಯ ಸುದ್ದಿ ಕೇಳಿದ ಹಾಗೆ ದಿನಾ ಬೆಳಿಗ್ಗೆ ಇವನ್ನು ಕೇಳುತ್ತೇವೆ. ಆದರೆ ಆ ಬೀಗರ ಮನೆಯನ್ನು ಕಣ್ಣಾರೆ ನೋಡಿ ಬಂದವರು ನಮ್ಮಲ್ಲಿ ಕಡಿಮೆ. ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಸೀಮೆಯ ಸೋದರಿಯರು ಒಂದು ಸಲವಾದರೂ ನೋಡಬೇಕಾದ ಅಂಥ ಜಾಗದ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಅದೇ ಚಾಂದೋಲಿ ರಾಷ್ಟ್ರೀಯ ಉದ್ಯಾನ.

ಉದ್ಯಾನವೆಂದರೆ ಕಾರಂಜಿ, ಗುಲಾಬಿ ಎಂದುಕೊಳ್ಳಬೇಡಿ. ಸಹ್ಯಾದ್ರಿಯ ನೆತ್ತಿಯ ಮೇಲಿನ ದಟ್ಟ ಕಾಡು ಅದು. ಸಾಂಗಲಿ, ಕೊಲ್ಹಾಪುರ, ಸಾತಾರಾ, ರತ್ನಾಗಿರಿ ಜಿಲ್ಲೆಗಳು ಕೂಡುವಲ್ಲಿ 300 ಚದರ ಕಿಲೋಮೀಟರಿಗೂ ಹೆಚ್ಚು ಹಬ್ಬಿದೆ. 1985ರಲ್ಲಿ ಅಭಯಾರಣ್ಯವಾಗಿ, 2004ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2010ರಲ್ಲಿ ಕೊಯ್ನಾ ಅಭಯಾರಣ್ಯದ ಜೊತೆ ಸೇರಿ ಸಹ್ಯಾದ್ರಿ ಹುಲಿ ರಕ್ಷಿತಾರಣ್ಯವೆನಿಸಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಚಾಂದೋಲಿಯೂ ಅದರಲ್ಲಿತ್ತು.

ದೀಪಾವಳಿ ಮುಗಿದ ಮೇಲೆ ನಮ್ಮ ಸಂಘದ ಎಂಟು ಜನ ಹೆಂಗಸರು ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಹೊರಟೆವು. ನಮ್ಮ ಅತ್ತೆಯವರಿಗೆ ಇದು ಹಿಡಿಸಲಿಲ್ಲ. "ಅಲ್ಲವ್ವಾ, ದೇವರಿಲ್ಲ ದಿಂಡರಿಲ್ಲ, ಬರೇ ಹುಲ್ಲ ನೋಡಾಕ ಅಷ್ಟ ದೂರ ಯಾಕ ಹೊಂಟೀರಿ?" ಎಂದರು. ಬರುವಾಗ ಕೊಲ್ಹಾಪುರದ ಮಹಾಲಕ್ಷ್ಮಿಯ ಕುಂಕುಮ ತರುತ್ತೇವೆ ಎಂದ ಮೇಲೆ ಸುಮ್ಮನಾದರು.

ನಿಪ್ಪಾಣಿಯಿಂದ ಕೊಲ್ಹಾಪುರ, ಅಲ್ಲಿಂದ ಹೆದ್ದಾರಿಯಲ್ಲೇ ಪೇಠ ನಾಕಾ. ಅಲ್ಲಿ ಎಡಕ್ಕೆ ಹೊರಳಿದರೆ ನಾಗರ ಪಂಚಮಿಗೆ ಹೆಸರಾದ ಬತ್ತೀಸ ಶಿರಾಳಾ. ಮುಂದೆ ಕೋಕರೂಡ ದಾಟಿ ವಾರಣಾವತಿ. ಕಬ್ಬಿನ ಹೊಲಗಳು ಹಿಂದೆ ಸರಿದು ಗುಡ್ಡಗಳು ಹತ್ತಿರ ಬರುತ್ತ ಹೋಗುತ್ತವೆ. ಅಲ್ಲಿ ವಾರಣಾ ಹೊಳೆಗೆ ಕಟ್ಟಿದ ಮಣ್ಣಿನ ಆಣೆಕಟ್ಟು ಇದೆ. ಹಿಂದಿನ ಜಲಾಶಯದ ಹೆಸರು ವಸಂತ ಸಾಗರ. ಹಿಡಿಯುವ ನೀರು ಸುಮಾರು 34 ಟಿ.ಎಂ.ಸಿ. ದಿನಾ ಸುದ್ದಿಯಲ್ಲಿ ಕೇಳುವ 'ವಾರಣಾ' ಇದೇ ನೋಡಿ!

ಪರವಾನಗಿ ಮಾಡಿಸಿ, ಗೈಡ್ ಒಬ್ಬರನ್ನು ಕರೆದುಕೊಂಡು ಒಳಗೆ ಹೋದೆವು. ಕಾಡಿನ ದಾರಿಯಲ್ಲಿ ನೇರಳೆ, ಅಳಲೆ, ಕವಳಿ ಮಟ್ಟಿ ಎಲ್ಲ ಗುರುತಿನವೇ. ಒಂದು ತಿರುವಿನಲ್ಲಿ ಕಾಡುಕೋಣಗಳ ಹಿಂಡು ನಿಂತಿತ್ತು. ಕಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ಕಾಣುತ್ತಿದ್ದವು. ನಮ್ಮೊಳಗಿನ ಮಾತುಗಾರ್ತಿಯೂ ಬಾಯಿ ಮುಚ್ಚಿ ಕೂತಳು.

ಹತ್ತುತ್ತ ಹತ್ತುತ್ತ ಕಾಡು ತಟ್ಟನೆ ಮುಗಿದು ಆಕಾಶ ತೆರೆದುಕೊಂಡಿತು. ಅದೇ ಝೋಳಂಬಿ ಸಡಾ. ಗುಡ್ಡದ ನೆತ್ತಿಯ ಬಯಲಿಗೆ ಮರಾಠಿಯಲ್ಲಿ ಸಡಾ ಎನ್ನುತ್ತಾರೆ. ಈ ಉದ್ಯಾನದ ಅತಿ ಎತ್ತರದ ಜಾಗಗಳು 1000 ಮೀಟರಿನ ಆಸುಪಾಸು. ಹಿಮಾಲಯದಂತೆ ಇಲ್ಲಿ ಹಿಮವಿಲ್ಲ. ಆದರೂ ಮರವಿಲ್ಲದ ಬಯಲು, ಬೀಸುವ ಗಾಳಿ, ಮೊಳಕಾಲು ಮುಟ್ಟುವ ಹೊಂಬಣ್ಣದ ಹುಲ್ಲು ನೋಡಿದಾಗ ಬೇರೆ ಯಾವುದೋ ಲೋಕಕ್ಕೆ ಬಂದ ಹಾಗಾಯಿತು.

ಇಷ್ಟು ಮಳೆ ಬೀಳುವಲ್ಲಿ ಮರ ಯಾಕಿಲ್ಲ? ಕಾಲಿನಿಂದ ಕೆದರಿದರೆ ಉತ್ತರ ಸಿಗುತ್ತದೆ. ಕೆಳಗೆ ಜಂಬಿಟ್ಟಿಗೆ ಕಲ್ಲಿನ ಹಾಸು, ಅದರ ಮೇಲೆ ರೊಟ್ಟಿಗೆ ಸವರಿದ ಬೆಣ್ಣೆಯಷ್ಟು ತೆಳು ಮಣ್ಣು. ಮರ ಬೇರು ಬಿಡುವುದಾದರೂ ಎಲ್ಲಿ? ಹುಲ್ಲು, ಮಳೆಗಾಲದ ಪುಟ್ಟ ಹೂಗಿಡಗಳಿಗೆ ಅಷ್ಟೇ ಸಾಕು. ಬಿದ್ದ ಮಳೆ ಕಲ್ಲಿನ ಕುಳಿಗಳಲ್ಲಿ ನಿಂತು, ಅಂಚಿನಿಂದ ಇಳಿದು ಕಾಡಿಗೆ ಬರುತ್ತದೆ. ಕಾಡು ಅದನ್ನು ಎಲೆಯಲ್ಲಿ, ಬೇರಿನಲ್ಲಿ ತಡೆದು ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ. ಅದಕ್ಕೇ ಬೇಸಿಗೆಗೂ ಒಂದಿಷ್ಟು ನೀರು ಉಳಿಯುವುದು. ಕಾಡು ಹೋದರೆ ನೀರಿನ ಜೊತೆ ಮಣ್ಣೂ ಹರಿದು ಆಣೆಕಟ್ಟು ಹೂಳುತ್ತದೆ.

ಈ ಸಾಲಿನ ನೆತ್ತಿಯಿಂದ ಪಶ್ಚಿಮಕ್ಕೆ ಇಳಿದ ಹನಿ ಕೊಂಕಣ ದಾಟಿ ಅರಬ್ಬೀ ಸಮುದ್ರಕ್ಕೆ. ಪೂರ್ವಕ್ಕೆ ಇಳಿದದ್ದು ವಾರಣಾ ಆಗಿ ಸಾಂಗಲಿಯ ಹತ್ತಿರ ಹರಿಪುರದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನರಸೋಬನ ವಾಡಿಯಲ್ಲಿ ಪಂಚಗಂಗೆ ಕೂಡುತ್ತಾಳೆ. ರಾಜಾಪುರ ಬ್ಯಾರೇಜ್ ದಾಟಿ ನಮ್ಮ ಸೀಮೆಗೆ ಬಂದ ಮೇಲೆ, ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆ ಕಲ್ಲೋಳದ ಹತ್ತಿರ ಬಂದು ಸೇರುತ್ತಾಳೆ. ನಾವು ಬಿಂದಿಗೆಯಲ್ಲಿ ತುಂಬುವುದು ಈ ಎಲ್ಲ ನೀರನ್ನು.

2019ರ ಆಗಸ್ಟಿನಲ್ಲಿ ಇದೇ ನೀರು ನಮ್ಮ ಅಡಿಗೆಮನೆಯ ಕಟ್ಟೆ ಹತ್ತಿತ್ತು. ಜೋಳದ ಚೀಲ, ಹಾಸಿಗೆ, ಮಗಳ ಮದುವೆಗೆಂದು ಎತ್ತಿಟ್ಟ ಸೀರೆ ಎಲ್ಲ ಕೆಸರು. ಹನ್ನೊಂದು ದಿನ ಶಾಲೆಯ ಕೋಣೆಯಲ್ಲಿ ಇದ್ದೆವು. ಮೇಲಿನವರು ನೀರು ಬಿಟ್ಟರೆಂದು ಆಗ ಎಲ್ಲರ ಹಾಗೆ ನಾನೂ ಬೈದವಳೇ.

ಇಳಿದು ಬರುವಾಗ ಆಣೆಕಟ್ಟಿನ ಹತ್ತಿರ ಚಹಾ ಅಂಗಡಿಯಲ್ಲಿ ಕೂತೆವು. ಗಡಿಭಾಗದ ನಮಗೆ ಮರಾಠಿ ಹೊಸದಲ್ಲವಲ್ಲ, ಅಂಗಡಿಯ ಅಜ್ಜಿಯ ಜೊತೆ ಮಾತು ಬೆಳೆಯಿತು. ಆಕೆಯ ಊರು ಈಗ ನೀರಿನ ಕೆಳಗಿದೆ. ಆಣೆಕಟ್ಟಿಗಾಗಿ, ಕಾಡಿಗಾಗಿ ಅಲ್ಲಿಯ ಎಷ್ಟೋ ಹಳ್ಳಿಗಳನ್ನು ಎಬ್ಬಿಸಿ ಬೇರೆ ಕಡೆ ಕೂಡಿಸಿದ್ದಾರೆ. ನಮ್ಮ ಮಹಾಪೂರದ ಕಥೆ ಹೇಳಿದಾಗ ಅಜ್ಜಿ ಅಂದದ್ದು ಇಷ್ಟು: "ನಿಮ್ಮನಿಗೆ ನೀರು ಬಂದು ಹೋತು ಬಾಯಿ. ನಮ್ಮನಿಗೆ ಬಂದದ್ದು ಹೋಗಲೇ ಇಲ್ಲ." ಚಹಾದ ರೊಕ್ಕ ಕೊಡಲು ಹೋದರೆ ಕೈ ಮುಚ್ಚಿ ಬೇಡವೆಂದಳು. ನಾವು ಒಯ್ದಿದ್ದ ಶೇಂಗಾ ಹೋಳಿಗೆ ಆಕೆಯ ಉಡಿಗೆ ಹಾಕಿ ನಮಸ್ಕಾರ ಮಾಡಿದೆವು.

ಹೋಗುವವರಿಗೆ ನಾಲ್ಕು ಮಾತು. ಮಳೆಗಾಲದಲ್ಲಿ ಉದ್ಯಾನ ಮುಚ್ಚಿರುತ್ತದೆ, ದೀಪಾವಳಿಯ ಮೇಲೆ ಹೋಗುವುದು ಒಳ್ಳೆಯದು. ಬೆಳಿಗ್ಗೆ ಬೇಗ ತಲುಪಿದರೆ ಪ್ರಾಣಿಗಳು ಕಂಡಾವು. ಗಾಢ ಬಣ್ಣದ ಸೀರೆ, ಗಟ್ಟಿ ಚಪ್ಪಲಿ ಅಥವಾ ಬೂಟು, ತಲೆಗೆ ಸ್ಕಾರ್ಫ್ ಇರಲಿ. ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಒಣ ಝುಣಕ ಕೆಡುವುದಿಲ್ಲ. ಡಬ್ಬಿಯಲ್ಲಿ ಒಯ್ಯಿರಿ, ಪ್ಲಾಸ್ಟಿಕ್ ಬೇಡ. ಅಲ್ಲಿ ಬಿಸಾಡಿದ್ದು ಹೊಳೆಗುಂಟ ನಮ್ಮ ಊರಿಗೇ ಬಂದೀತು. ಮತ್ತೆ ಆ ಅಜ್ಜಿಯಂಥವರು ಸಿಕ್ಕರೆ ಎರಡು ನಿಮಿಷ ಕೂತು ಮಾತಾಡಿಸಿ. ಅವರು ಬಿಟ್ಟುಕೊಟ್ಟ ಜಾಗದಲ್ಲಿ ನಿಂತ ನೀರನ್ನೇ ನಾವು ಕುಡಿಯುತ್ತಿದ್ದೇವೆ.